ಬುಟ್ಟಿಯ ತಳದ ಎಳೆಗಳು

ರಾಮೆನ್ ಅಂಗಡಿಯಲ್ಲಿ ಒಲೆಯ ಮುಂದೆ ನಿಂತವನಿಗೆ ಪುರುಸೊತ್ತೆಂಬುದಿಲ್ಲ. ಎದುರಿಗೆ ಕೊತಕೊತ ಕುದಿಯುವ ಹಂಡೆ, ಅದರಲ್ಲಿ ಕುಣಿಯುವ ನೂಡಲ್ಸ್, ಕೈಯಲ್ಲಿ ಸೋಸುವ ಬುಟ್ಟಿ. ಹದ ನೋಡಿ ಎತ್ತಬೇಕು, ನೀರು ಕೊಡವಬೇಕು, ಸಾರು ತುಂಬಿದ ಬಟ್ಟಲಿಗೆ ಜಾರಿಸಬೇಕು. ಅಷ್ಟರಲ್ಲಿ ಮುಂದಿನವರ ಸರದಿ. ಈ ಅವಸರದಲ್ಲಿ ಪ್ರತಿ ಸಲವೂ ಎರಡೋ ಮೂರೋ ಎಳೆ ಬುಟ್ಟಿಯ ತಳಕ್ಕೆ ಅಂಟಿ ಉಳಿಯುತ್ತವೆ. ಮಧ್ಯಾಹ್ನದ ನೂಕುನುಗ್ಗಲು ಕಳೆಯುವ ಹೊತ್ತಿಗೆ ಅವೇ ಸೇರಿ ಒಂದು ಹಿಡಿಯಷ್ಟಾಗುತ್ತವೆ. ಹಸಿವನ್ನು ಹತ್ತಿರದಿಂದ ಕಂಡಿದ್ದ ಯುದ್ಧಾನಂತರದ ಟೋಕಿಯೋದಲ್ಲಿ ಅದನ್ನು ಚೆಲ್ಲುವ ಮಾತೇ ಇರಲಿಲ್ಲ.

ಅಡುಗೆಮನೆಯ ಹುಡುಗರು ಆ ಎಳೆಗಳನ್ನು ಒಂದು ಕಡೆ ಕೂಡಿಡುತ್ತಿದ್ದರು. ಚಹಾ ಕುಡಿಯುವ ಬಟ್ಟಲಿಗೆ ಒಂದಿಷ್ಟು ಸಾರು, ಮೇಲೆ ಸೋಯಾ ಸಾಸ್. ಎಳೆಗಳನ್ನು ಅದರಲ್ಲಿ ಅದ್ದಿ, ನಿಂತಲ್ಲೇ ನಾಲ್ಕು ತುತ್ತು. ಅದಕ್ಕೆ ಹೆಸರಿರಲಿಲ್ಲ, ಬೆಲೆಯೂ ಇರಲಿಲ್ಲ. ಗಿರಾಕಿಗಳಿಗೆ ಕೊಡಬಹುದಾದ ತಿನಿಸು ಎಂದು ಯಾರಿಗೂ ಅನ್ನಿಸಿರಲಿಲ್ಲ. ಇಂದು ಜಪಾನಿನ ಉದ್ದಗಲಕ್ಕೂ ತ್ಸುಕೆಮೆನ್ ಎಂಬ ಹೆಸರಿನಲ್ಲಿ ಸಿಗುವ, ನೂಡಲ್ಸ್ ಒಂದು ಬಟ್ಟಲಲ್ಲಿ, ಗಟ್ಟಿ ಸಾರು ಇನ್ನೊಂದರಲ್ಲಿ ಕೊಡುವ ಆ ರಾಮೆನ್ ಹುಟ್ಟಿದ್ದು ಹೀಗೆ ಅಡುಗೆಮನೆಯ ಮೂಲೆಯಲ್ಲಿ ನಿಂತು ತಿನ್ನುತ್ತಿದ್ದ ಉಳಿಕೆಯಿಂದ. ಅದನ್ನು ಅಡುಗೆಮನೆಯಿಂದ ಗಿರಾಕಿಯ ಮುಂದಕ್ಕೆ ತಂದವರು ಕಜುವೊ ಯಮಗಿಶಿ. ನನ್ನನ್ನು ಕೇಳಿದರೆ, ರಾಮೆನ್ ಚರಿತ್ರೆಯ ಎಲ್ಲ ಕತೆಗಳಲ್ಲೂ ಇದೇ ದೊಡ್ಡದು.

ಯಮಗಿಶಿ ಹುಟ್ಟಿದ್ದು 1934ರಲ್ಲಿ, ನಾಗಾನೊ ಪ್ರಾಂತ್ಯದ ಬೆಟ್ಟದ ಸೀಮೆಯಲ್ಲಿ. ಅದು ಸೋಬಾಕ್ಕೆ ಹೆಸರಾದ ನಾಡು. ಚಳಿ ಹೆಚ್ಚು, ಗದ್ದೆ ಕಡಿಮೆ. ಹುರುಳಿಯಂತೆ ಒರಟು ನೆಲದಲ್ಲೂ ಬರುವ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನಿಂದ ಅಲ್ಲಿನವರು ಕಂದು ಬಣ್ಣದ ಸೋಬಾ ನೂಡಲ್ಸ್ ಮಾಡುತ್ತಾರೆ. ಅದನ್ನು ಬೇಯಿಸಿ, ತಣ್ಣೀರಲ್ಲಿ ತೊಳೆದು, ಬಿದಿರಿನ ತಟ್ಟೆಯಲ್ಲಿ ಹರಡಿ, ಪಕ್ಕದ ಬಟ್ಟಲಿನ ಸಾರಿಗೆ ಅದ್ದಿಕೊಂಡು ತಿನ್ನುತ್ತಾರೆ. ಅದ್ದಿ ತಿನ್ನುವುದು ಯಮಗಿಶಿಗೆ ಹುಟ್ಟೂರಿನಿಂದಲೇ ಬಂದ ರೂಢಿ. ಮುಂದಿನ ಕತೆಗೆ ಇದು ಮುಖ್ಯ.

ಹದಿಹರೆಯದಲ್ಲೇ ದುಡಿಮೆ ಹುಡುಕಿಕೊಂಡು ಟೋಕಿಯೋಗೆ ಬಂದ ಹುಡುಗ ಮೊದಲು ಲೇತ್ ಯಂತ್ರದ ಕೆಲಸಕ್ಕೆ ಸೇರಿದ. ಸೋದರ ಸಂಬಂಧಿ ಮಸಯಸು ಸಕಗುಚಿ ಅವನಿಗೆ ಅಣ್ಣನಂತೆ. ರಾಮೆನ್ ಕಲಿತರೆ ನಮ್ಮದೇ ಅಂಗಡಿ ಇಡಬಹುದು ಎಂದು ಆತ ಕರೆದಾಗ, 1951ರಲ್ಲಿ ಹುಡುಗ ಲೇತ್ ಬಿಟ್ಟು ಒಲೆಯ ಮುಂದೆ ಬಂದು ನಿಂತ. ಆಗ ವಯಸ್ಸು ಹದಿನೇಳು. ಟೋಕಿಯೋದ ಅಸಗಾಯಾದ ಅಂಗಡಿಯೊಂದರಲ್ಲಿ ಕಲಿಯುವಾಗಲೇ ಅವನು ಹಿರಿಯ ಕೆಲಸಗಾರರು ಬುಟ್ಟಿಯ ತಳದ ಎಳೆಗಳನ್ನು ಸಾರಿಗೆ ಅದ್ದಿ ತಿನ್ನುವುದನ್ನು ಕಂಡದ್ದು. ಅದೇ ವರ್ಷದ ಕೊನೆಗೆ ಸಕಗುಚಿ ನಕಾನೊ ಎಂಬಲ್ಲಿ ಸ್ವಂತ ಅಂಗಡಿ ತೆರೆದರು. ಹೆಸರು ತೈಶೋಕೆನ್.

ಆ ಕಾಲದ ಟೋಕಿಯೋದಲ್ಲಿ ರಾಮೆನ್ ಅಂಗಡಿ ತೆರೆಯುವುದೆಂದರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಮೆನ್ ಮೂಲದಲ್ಲಿ ಚೀನಾದವರದ್ದು. ಯೊಕೊಹಾಮಾದಂಥ ಬಂದರುಗಳ ಚೀನೀ ಕೇರಿಗಳಿಂದ ಹೊರಟು, 1910ರಲ್ಲಿ ಟೋಕಿಯೋದ ಅಸಕುಸಾದಲ್ಲಿ ರೈರೈಕೆನ್ ಎಂಬ ಅಂಗಡಿಯ ಮೂಲಕ ಜಪಾನೀ ಜನಸಾಮಾನ್ಯರ ನಾಲಿಗೆಗೆ ಬಂತು. ಯುದ್ಧ ಮುಗಿದಾಗ ಅಕ್ಕಿಗೆ ಹಾಹಾಕಾರ. ಹೊಟ್ಟೆ ತುಂಬಿಸಿದ್ದು ಅಮೆರಿಕದಿಂದ ಬಂದ ಗೋಧಿ ಹಿಟ್ಟು. ಕಾಳಸಂತೆಯ ಗಾಡಿಗಳಲ್ಲಿ ಆ ಹಿಟ್ಟೇ ನೂಡಲ್ಸ್ ಆಗಿ ಹಸಿದವರ ಕೈ ಸೇರುತ್ತಿತ್ತು. ಅಮೆರಿಕ ತನ್ನ ಮಿಗತೆ ಧಾನ್ಯವನ್ನು ಹೊರಗೆ ಸಾಗಿಸಲು 1954ರಲ್ಲಿ ಮಾಡಿದ ಪಿಎಲ್ 480 ಕಾನೂನು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಂದ ಆ ಗೋಧಿ ಕರ್ನಾಟಕದ ಮನೆಗಳಲ್ಲಿ ಚಪಾತಿಯಾಯಿತು, ಉಪ್ಪಿಟ್ಟಾಯಿತು. ಅದೇ ಕಾನೂನಿನಡಿ ಜಪಾನಿಗೆ ಹೋದ ಗೋಧಿ ಬ್ರೆಡ್ಡಾಯಿತು, ರಾಮೆನ್ ಆಯಿತು. ಅನ್ನ ತಿನ್ನುವ ಎರಡು ನಾಡುಗಳು ಒಂದೇ ಹೊತ್ತಿನಲ್ಲಿ ಗೋಧಿಗೆ ಹೊಂದಿಕೊಳ್ಳುತ್ತಿದ್ದವು.

1954ರಲ್ಲಿ ಸಕಗುಚಿ ಯೊಯೊಗಿ ಉಯೆಹಾರಾದಲ್ಲಿ ಇನ್ನೊಂದು ಅಂಗಡಿ ಮಾಡಿಕೊಂಡು ಅತ್ತ ಹೋದರು. ನಕಾನೊದ ಅಂಗಡಿ ಯಮಗಿಶಿಯ ಹೆಗಲಿಗೆ ಬಂತು. ಇಪ್ಪತ್ತರ ಹುಡುಗ, ಅಂಗಡಿಯ ಯಜಮಾನಿಕೆ. ಗಿರಾಕಿಗಳ ಹೊಟ್ಟೆ ನೋಡಿಕೊಳ್ಳುವುದರಲ್ಲಿ ತನ್ನ ಹೊಟ್ಟೆಗೆ ಸಮಯವಿಲ್ಲ. ಕೈ ಬಿಡುವಾದಾಗ ಹಿರಿಯರಿಂದ ಕಂಡು ಕಲಿತ ಆ ಅಡುಗೆಮನೆಯ ಊಟವೇ ಗತಿ: ಬುಟ್ಟಿಯ ಎಳೆ, ಬಟ್ಟಲಿನ ಸಾರು.

ಅದು ದಿನಾ ಬರುವ ಗಿರಾಕಿಗಳ ಕಣ್ಣಿಗೆ ಬಿತ್ತು. ಏನದು, ರುಚಿಯಾಗಿರುವಂತಿದೆಯಲ್ಲ, ನಮಗೂ ಕೊಡಿ ಎಂದರು. ಕೊಟ್ಟರು. ತಿಂದವರು ಮತ್ತೆ ಕೇಳಿದರು. ಹೊಸ ಅಡುಗೆಯೊಂದರ ಚರಿತ್ರೆಯಲ್ಲಿ ಈ ಗಿರಾಕಿಗಳಿಗೆ ಸಿಗಬೇಕಾದ ಮಾನ ಸಿಕ್ಕಿಲ್ಲ ಎಂಬುದು ನನ್ನ ಕೊರಗು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಎದುರಿಗೆ ಬಂದ ಬಟ್ಟಲನ್ನು ಖಾಲಿ ಮಾಡಿ ಎದ್ದು ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಅವರು ಅಡುಗೆಯವನು ಏನು ತಿನ್ನುತ್ತಿದ್ದಾನೆ ಎಂದು ಇಣುಕಿ ನೋಡಿದರು.

ಆದರೆ ಇಣುಕಿ ನೋಡಿದ್ದನ್ನು ಹಾಗೇ ಮಾರಲು ಬರುವುದಿಲ್ಲ. ಕೆಲಸದ ನಡುವೆ ನಿಂತು ನುಂಗುವ ನಾಲ್ಕು ತುತ್ತು ಬೇರೆ, ಒಬ್ಬ ಮನುಷ್ಯ ದುಡ್ಡು ಕೊಟ್ಟು ಕೂತು ಉಣ್ಣುವ ಬಟ್ಟಲು ಬೇರೆ. ಆವಿಷ್ಕಾರದ ನಿಜವಾದ ಕೆಲಸ ಇಲ್ಲಿ ಶುರುವಾಯಿತು.

ಮೊದಲ ತೊಡಕು ನೂಡಲ್ಸಿನದೇ. ಬಿಸಿ ಸಾರಿನಲ್ಲಿ ಮುಳುಗಿದ ರಾಮೆನ್ ಎಳೆ ಬಟ್ಟಲು ಸೇರಿದ ಮೇಲೂ ಬೇಯುತ್ತಲೇ ಇರುತ್ತದೆ. ಅದಕ್ಕೇ ಜಪಾನೀಯರು ಅದನ್ನು ಬಿಸಿಯಿರುವಾಗಲೇ ಸೊರಸೊರ ಎಳೆದು ಮುಗಿಸುವುದು. ಸಾರಿಲ್ಲದೆ ತಟ್ಟೆಯಲ್ಲಿ ಇಟ್ಟರೆ ಬೇರೆ ಗತಿ. ಬೇಯುವಾಗ ಹಿಟ್ಟಿನ ಗಂಜಿ ಹೊರಬಂದು ಎಳೆಯ ಮೈಗೆ ಮೆತ್ತಿಕೊಂಡಿರುತ್ತದೆ, ಆರುತ್ತಿದ್ದಂತೆ ಎಳೆಗೆ ಎಳೆ ಅಂಟಿ ಮುದ್ದೆಯಾಗುತ್ತದೆ. ಇದಕ್ಕೆ ಮದ್ದು ನಾಗಾನೊದ ಸೋಬಾದಲ್ಲಿತ್ತು. ಬೆಂದ ಕೂಡಲೇ ತಣ್ಣೀರಿಗೆ ಹಾಕಿ ಕೈಯಿಂದ ಉಜ್ಜಿ ತೊಳೆಯಬೇಕು. ಗಂಜಿ ಹೋಗುತ್ತದೆ, ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಎಳೆ ಬಿಗಿಯುತ್ತದೆ.

ಹಾಗೆ ಬಿಗಿಯಲು ಹಿಟ್ಟಿನಲ್ಲೂ ತಾಕತ್ತು ಬೇಕು. ರಾಮೆನ್ ನೂಡಲ್ಸಿಗೆ ಬೇರೆ ಗೋಧಿ ನೂಡಲ್ಸಿಗಿಲ್ಲದ ಹಳದಿ ಛಾಯೆ, ಪುಟಿಯುವ ಗುಣ ಬರುವುದು ಕಾನ್ಸುಯಿ ಎಂಬ ಕ್ಷಾರದ ನೀರಿನಿಂದ. ಅದರಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಕಾರ್ಬೊನೇಟ್. ನಮ್ಮ ಅಜ್ಜಿಯರು ಹಿಟ್ಟಿಗೆ ಹಪ್ಪಳಖಾರ ಹಾಕಿ ಕುಟ್ಟುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ವಸ್ತು. ಕ್ಷಾರ ತಾಗಿದಾಗ ಹಿಟ್ಟಿನಲ್ಲಿರುವ ಫ್ಲೇವನಾಯ್ಡ್‌ಗಳು ಹಳದಿಗೆ ತಿರುಗುತ್ತವೆ, ಗೋಧಿಯ ಅಂಟು ಬಿಗಿಯಾಗುತ್ತದೆ. ಸಾರಿನೊಳಗೆ ಅಡಗಿ ಕೂತಿದ್ದಾಗ ನೂಡಲ್ಸಿನ ಈ ಗುಣವನ್ನು ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ. ತೊಳೆದು ಬರಿಮೈಯಲ್ಲಿ ಎದುರಿಗಿಟ್ಟಾಗ ಬಾಯಿಗೆ ಮೊದಲು ತಿಳಿಯುವುದೇ ಅದು.

ಎರಡನೇ ತೊಡಕು ಸಾರಿನದು. ಮಾಮೂಲಿ ರಾಮೆನ್ ಸಾರು ಕುಡಿಯುವಂಥದ್ದು. ತಣ್ಣನೆಯ, ತೇವದ ಎಳೆಯನ್ನು ಅದರಲ್ಲಿ ಅದ್ದಿ ತೆಗೆದರೆ ಅಂಟಿ ಬರುವುದು ಎಷ್ಟು ಮಹಾ! ಬಾಯಿಗೆ ಸಪ್ಪೆ. ಬರೀ ಸೋಯಾ ಸಾಸ್ ಹೆಚ್ಚಿಸಿದರೆ ಉಪ್ಪು ಮೂಗಿಗೇರುತ್ತದೆ. ಯಮಗಿಶಿ ಬೇಸಿಗೆಯ ತಣ್ಣನೆಯ ಚೀನೀ ನೂಡಲ್ಸಿಗೆ ಹಾಕುವ ಹುಳಿಸಿಹಿ ರಸದ ಕಡೆ ನೋಡಿದರು. ಸೋಯಾ ಸಾಸಿನ ಜೊತೆಗೆ ವಿನೆಗರ್, ಸಕ್ಕರೆ ಸೇರಿತು. ಹುಳಿ ಬಂದು ಕೊಬ್ಬಿನ ಜಿಡ್ಡನ್ನು ಕಡಿದರೆ, ಸಿಹಿ ಬಂದು ಉಪ್ಪಿನ ಚೂಪನ್ನು ಮೊಂಡಾಗಿಸಿತು. ತಣ್ಣನೆಯ ಎಳೆಗೆ ಬಿಸಿ ಸಾರು, ಗಟ್ಟಿ ಸಾರಿಗೆ ಹುಳಿಯ ಲಘುತ್ವ. ಒಂದಕ್ಕೊಂದು ಒರಗಿ ನಿಂತಿರುವ ಈ ಜೋಡಣೆಯಲ್ಲಿ ಒಂದನ್ನು ತೆಗೆದರೂ ಉಳಿದದ್ದು ಬೀಳುತ್ತದೆ.

ದಿನಾ ಬರುವವರಿಗೆ ಕೊಟ್ಟು ನೋಡಿ, ಮಾತು ಕೇಳಿ, ಅಳತೆ ತಿದ್ದಿ, 1955ರಲ್ಲಿ ಯಮಗಿಶಿ ಅದನ್ನು ಅಂಗಡಿಯ ಪಟ್ಟಿಗೆ ಹಾಕಿದರು. ಕೊಟ್ಟ ಹೆಸರು ‘ತೊಕುಸೇ ಮೊರಿಸೋಬಾ’. ಮಾಮೂಲಿ ರಾಮೆನ್ನಿಗೆ 35 ಯೆನ್ ಇದ್ದಾಗ ಇದಕ್ಕೆ 40 ಯೆನ್. ತ್ಸುಕೆಮೆನ್ ಎಂಬ ಹೆಸರು 1970ರ ದಶಕದಲ್ಲಿ ಬೇರೆಯವರು ಇಟ್ಟು ಬೆಳೆಸಿದ್ದು. ಯಮಗಿಶಿ ಮಾತ್ರ ಕೊನೆಯವರೆಗೂ ತಮ್ಮ ಹಳೆಯ ಹೆಸರನ್ನೇ ಬಳಸಿದರು.

ಹಾಗಾದರೆ ಇದನ್ನು ಕಂಡುಹಿಡಿದವರು ಯಾರು? ಅದ್ದಿ ತಿಂದವರಲ್ಲಿ ಯಮಗಿಶಿ ಮೊದಲಿಗರಲ್ಲ, ಹಾಗೆಂದು ಅವರೂ ಹೇಳಿಕೊಳ್ಳಲಿಲ್ಲ. ಹಿರಿಯರು ತಿನ್ನುತ್ತಿದ್ದರು. ಟೋಕಿಯೋದ ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ಹುಡುಗರು ಹಾಗೆ ತಿಂದರೋ. ಆದರೆ ನೂರು ಜನ ದಿನಾ ಮಾಡುವ ಒಂದು ಕೆಲಸದಲ್ಲಿ ಅಡಗಿದ್ದನ್ನು ಒಬ್ಬ ಎತ್ತಿ ಹಿಡಿದು, ತೊಡಕುಗಳನ್ನು ಒಂದೊಂದಾಗಿ ಬಿಡಿಸಿ, ಅಪರಿಚಿತನೊಬ್ಬನ ಮುಂದೆ ಧೈರ್ಯವಾಗಿ ಇಟ್ಟಾಗಲೇ ಅದು ಆವಿಷ್ಕಾರ. ಆ ಮಾತಿನಲ್ಲಿ ನನಗೆ ಸಂಶಯವಿಲ್ಲ.

ರಾಮೆನ್ನಿನ ಹಿರಿಯ ಆವಿಷ್ಕಾರಗಳು ಇಂಥ ಪುಟ್ಟ ಅಂಗಡಿಗಳಲ್ಲೇ ಆದವು. ದಕ್ಷಿಣದ ಕುರುಮೆ ಪಟ್ಟಣದಲ್ಲಿ 1947ರ ಸುಮಾರಿಗೆ ಒಲೆಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿದ ಹಂದಿ ಮೂಳೆಯ ಸಾರು ಬೆಳ್ಳಗೆ ತಿರುಗಿ, ಅದನ್ನು ಚೆಲ್ಲದೆ ರುಚಿ ನೋಡಿದ್ದರಿಂದ ಬಿಳಿ ಸಾರಿನ ರಾಮೆನ್ ಹುಟ್ಟಿತೆಂದು ಅಲ್ಲಿನವರು ಹೇಳುತ್ತಾರೆ. ಉತ್ತರದ ಸಪ್ಪೊರೊದಲ್ಲಿ ಮೊರಿತೊ ಓಮಿಯಾ 1950ರ ದಶಕದಲ್ಲಿ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ ಬೆರೆಸಿದ ರಾಮೆನ್ ಕೊಟ್ಟರು. ಒಂದರಲ್ಲೂ ಪ್ರಯೋಗಾಲಯವಿಲ್ಲ, ಬಂಡವಾಳವಿಲ್ಲ. ಬಟ್ಟೆಯ ತೆರೆ ಸರಿಸಿ ಒಳಗೆ ಹೋದರೆ ಒಂದು ಹಲಗೆ, ಅದರಾಚೆ ಒಲೆ, ಈಚೆ ಹತ್ತಾರು ಪೀಠ. ತುತ್ತು ಬಾಯಿಗಿಟ್ಟವನ ಮುಖ ಅಡುಗೆಯವನಿಗೆ ಕೈಯಳತೆಯಲ್ಲಿ ಕಾಣುತ್ತದೆ. ಬೆಂಗಳೂರಿನ ದೊಡ್ಡ ಹೋಟೆಲಿನ ಅಡುಗೆಯವರಿಗೆ ಈ ಭಾಗ್ಯ ಎಲ್ಲಿ?

1961ರಲ್ಲಿ ಯಮಗಿಶಿ ಅಣ್ಣನಂತಿದ್ದ ಸಕಗುಚಿಯ ಆಶೀರ್ವಾದದೊಂದಿಗೆ ತಮ್ಮದೇ ಅಂಗಡಿ ತೆರೆದರು, ಹಿಗಾಶಿ ಇಕೆಬುಕುರೊದಲ್ಲಿ. ಹೆಸರು ಅದೇ, ತೈಶೋಕೆನ್. ಜಾಗ ಮಾತ್ರ ಯಾರೂ ಹುಡುಕಿಕೊಂಡು ಬರುವಂಥದ್ದಲ್ಲ. ಹತ್ತಿರದಲ್ಲೇ ಸುಗಾಮೊ ಸೆರೆಮನೆ. ಜಪಾನಿನ ಯುದ್ಧಕಾಲದ ಪ್ರಧಾನಿ ತೋಜೊ ಸೇರಿ ಏಳು ಮಂದಿಯನ್ನು 1948ರ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದ್ದು ಅಲ್ಲೇ. ಕಿರಿದಾದ ಓಣಿ, ಹದಿನಾರು ಮಂದಿ ಕೂರುವಷ್ಟು ಜಾಗ. ಹೆಂಡತಿ ಫುಮಿಕೊ ಜೊತೆಯಲ್ಲಿ ದುಡಿದರು. ಗಂಡ ಒಲೆಯ ಹತ್ತಿರ, ಹೆಂಡತಿ ಗಿರಾಕಿಗಳ ಹತ್ತಿರ. ಸೆರೆಮನೆಯನ್ನು 1970ರ ದಶಕದ ಆರಂಭದಲ್ಲಿ ಕೆಡವಿ, ಅಲ್ಲಿ 1978ರಲ್ಲಿ ಸನ್‌ಶೈನ್ 60 ಎಂಬ ಅರವತ್ತು ಅಂತಸ್ತಿನ ಗೋಪುರ ಎದ್ದಿತು. ಆಗ ಏಷ್ಯಾದಲ್ಲೇ ಅಷ್ಟೆತ್ತರದ ಕಟ್ಟಡ ಬೇರೆ ಇರಲಿಲ್ಲ. ಅದರ ಬುಡದ ಓಣಿಯಲ್ಲಿ ತೈಶೋಕೆನ್ನಿನ ಮುಂದೆ ಜನ ಸಾಲು ನಿಲ್ಲುವುದು ನಡೆದೇ ಇತ್ತು.

ಆ ಸಾಲಿಗೆ ಕಾರಣ ಎರಡು: ಅಳತೆ ಮತ್ತು ಸಾರು. ಅಳತೆಯ ಮಾತು ಸುಲಭ. ಯಮಗಿಶಿಯ ಕೈ ಧಾರಾಳ. ಮಾಮೂಲಿ ಬಟ್ಟಲೇ ಬೇರೆ ಅಂಗಡಿಯ ಎರಡು ಬಟ್ಟಲಿಗೆ ಸಮ ಎನ್ನುವಂತಿತ್ತು. ಹಸಿವಿನ ಕಾಲದಲ್ಲಿ ಬೆಳೆದವನು, ತನ್ನ ಮುಂದೆ ಕೂತವನು ಅರೆಹೊಟ್ಟೆಯಲ್ಲಿ ಏಳುವುದನ್ನು ಸಹಿಸಲಾರ.

ಸಾರಿನದ್ದು ಇನ್ನಷ್ಟು ಹೇಳಬೇಕಾದ ಮಾತು. ಇದರಲ್ಲಿ ಹಂದಿ, ಕೋಳಿ, ಮೀನು ಮೂರೂ ಇವೆ. ನಮ್ಮಲ್ಲಿ ಅನೇಕರಿಗೆ ಇದು ಉಣ್ಣುವ ಅಡುಗೆಯಲ್ಲ, ಓದುವ ಅಡುಗೆ ಎಂಬುದು ನನಗೆ ಗೊತ್ತು. ಹಂದಿಯ ಮೂಳೆ, ಕಾಲು, ಕೋಳಿಯ ಮೂಳೆ, ಕೊಚ್ಚಿದ ಮಾಂಸ, ಒಣಗಿಸಿದ ಪುಟ್ಟ ಬೂತಾಯಿ, ಹೊಗೆಯಲ್ಲಿ ಒಣಗಿಸಿ ಹೆರೆದ ಬಂಗುಡೆ ಜಾತಿಯ ಮೀನು, ಈರುಳ್ಳಿ, ಗಜ್ಜರಿ, ಶುಂಠಿ, ಬೆಳ್ಳುಳ್ಳಿ. ನಸುಕಿಗೇ ಒಲೆ ಹೊತ್ತಬೇಕು. ಬಟ್ಟಲಿಗೆ ಹೋಗುವಾಗ ಅದಕ್ಕೆ ಸೋಯಾ ಸಾಸ್ ಸೇರುತ್ತದೆ.

ಇದು ಕಂಡದ್ದನ್ನೆಲ್ಲ ಹಂಡೆಗೆ ಹಾಕಿದ್ದಲ್ಲ. 1908ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಕಿಕುನಾಎ ಇಕೆಡಾ ಹನ್ನೆರಡು ಕಿಲೋ ಕೊಂಬು ಎಂಬ ಕಡಲಕಳೆಯಿಂದ ಮೂವತ್ತು ಗ್ರಾಂನಷ್ಟು ಗ್ಲುಟಮಿಕ್ ಆಮ್ಲ ತೆಗೆದು, ಸಿಹಿ ಹುಳಿ ಉಪ್ಪು ಕಹಿಗಳಾಚೆ ಇನ್ನೊಂದು ಮೂಲ ರುಚಿಯಿದೆ ಎಂದು ತೋರಿಸಿ, ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಒಣಮೀನಿನಲ್ಲಿ ಅದೇ ರುಚಿ ಕೊಡುವ ಇನೊಸಿನಿಕ್ ಆಮ್ಲ ಕಂಡರು. ಇವೆರಡೂ ಬಾಯಲ್ಲಿ ಕೂಡಿದಾಗ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ ಎಂಬುದನ್ನು 1950ರ ದಶಕದ ಕೊನೆಗೆ ಕಂಡುಕೊಂಡವರು ಅಕಿರಾ ಕುನಿನಾಕಾ, ಅದೂ ಒಂದು ಸೋಯಾ ಸಾಸ್ ಕಂಪನಿಯ ಪ್ರಯೋಗಾಲಯದಲ್ಲಿ. ಸೋಯಾ ಸಾಸಿನಲ್ಲಿ ಗ್ಲುಟಮೇಟ್ ಹೇರಳ, ಒಣ ಬೂತಾಯಿಯಲ್ಲಿ, ಮಾಂಸದಲ್ಲಿ ಇನೊಸಿನೇಟ್ ಹೇರಳ. ಕುನಿನಾಕಾ ಅಳೆದು ಸಾಬೀತುಪಡಿಸುತ್ತಿದ್ದ ಅದೇ ವರ್ಷಗಳಲ್ಲಿ ನಕಾನೊದ ಹುಡುಗ ಅದನ್ನು ಬಟ್ಟಲಿಗೆ ಸುರಿಯುತ್ತಿದ್ದ. ಅವನಿಗೆ ಆಮ್ಲಗಳ ಹೆಸರು ಬೇಕಿರಲಿಲ್ಲ. ಅವನ ಪಾಲಿನ ಅಳತೆಗೋಲು ಬರಿದಾಗಿ ವಾಪಸು ಬರುವ ಬಟ್ಟಲು. ಎರಡೂ ದಾರಿಗಳು ಒಂದೇ ಕಡೆ ಮುಟ್ಟಿದವು ಎಂಬುದು ನನಗೆ ಬಹಳ ಸಂತೋಷದ ವಿಷಯ.

ಒಮ್ಮೆ ಟೋಕಿಯೋಗೆ ಹೋಗಿದ್ದಾಗ, ಅಲ್ಲೇ ನೆಲೆಸಿರುವ ಧಾರವಾಡದ ಕಡೆಯ ಗೆಳೆಯರೊಬ್ಬರು ನನ್ನನ್ನು ಇಂಥದೇ ಒಂದು ಅಂಗಡಿಗೆ ಕರೆದೊಯ್ದರು. ಯಮಗಿಶಿಯ ಪರಂಪರೆಯದ್ದು, ಊರ ಅಂಚಿನದ್ದು. ರೈಲು ನಿಲ್ದಾಣದಿಂದ ಮನೆಗಳ ನಡುವೆ ನಡೆದು, ಇಸ್ತ್ರಿ ಅಂಗಡಿಯ ಪಕ್ಕ ತಿರುಗಿದರೆ ಮಾಸಿದ ತೆರೆಬಟ್ಟೆ. ಬೋರ್ಡು ಓದಲು ಬಾರದವನು ಅದನ್ನು ಮನೆಯೆಂದೇ ತಿಳಿದು ಮುಂದೆ ಹೋಗುತ್ತಾನೆ. ಒಳಗೆ ಗೋಡೆಗೆ ಗುರುವಿನ ಫೋಟೊ: ತಲೆಗೆ ಬಿಳಿ ಟವೆಲು ಕಟ್ಟಿದ, ದುಂಡು ಮುಖದ, ನಗುವ ಮುದುಕ. ಹಲಗೆಯ ಮುಂದೆ ಕೂತವರು ಆ ಕೇರಿಯವರೇ. ಯಾರೂ ಹೆಚ್ಚು ಮಾತಾಡಲಿಲ್ಲ. ಒಲೆಯ ಹತ್ತಿರದ ಹೆಂಗಸು ಬೆಂದ ನೂಡಲ್ಸನ್ನು ತಣ್ಣೀರಿನ ತೊಟ್ಟಿಗೆ ಇಳಿಸಿ ಎರಡೂ ಕೈಯಿಂದ ಉಜ್ಜುತ್ತಿದ್ದರು. ಬಟ್ಟೆ ಒಗೆಯುವಷ್ಟೇ ಬಲ, ಆದರೆ ಒಂದು ಎಳೆಯೂ ತುಂಡಾಗಲಿಲ್ಲ.

ಬಟ್ಟಲುಗಳು ಬಂದವು. ನಾನು ನೇರವಾಗಿ ಅದ್ದಲು ಹೊರಟಾಗ ಗೆಳೆಯರು ತಡೆದರು. “ಮೊದಲ ಎರಡ ಎಳಿ ಬರೇ ತಿನ್ರಿ ಸರ. ಆಮ್ಯಾಲೆ ಅದ್ಕೋರಿ.” ಬರೀ ತಿಂದೆ. ಗೋಧಿಯ ರುಚಿ, ತಂಪು, ಹಲ್ಲಿಗೆ ಸಿಗುವ ಬಿಗುವು. ಆಮೇಲೆ ಅದ್ದಿದೆ. ಮೊದಲು ಹುಳಿ, ಹಿಂದೆಯೇ ಸಿಹಿ, ಆಮೇಲೆ ಮೀನಿನ ಗಾಢ ರುಚಿ. ಕೊನೆಗೆ ಗಂಟಲಲ್ಲಿ ಸಣ್ಣಗೆ ಮೆಣಸಿನಕಾಯಿ. ತಣ್ಣನೆಯ ಎಳೆ ಹೋಗಿ ಬಂದು ಸಾರು ಆರುತ್ತ ಹೋದಂತೆ ಹುಳಿ ಮೇಲೆ ಬರುತ್ತದೆ; ಕೊನೆಯ ತುತ್ತು ಮೊದಲಿನದರಂತೆ ಇರುವುದಿಲ್ಲ. ನೂಡಲ್ಸ್ ಮುಗಿದ ಮೇಲೆ ಗೆಳೆಯರು ಉಳಿದ ಸಾರಿನ ಬಟ್ಟಲನ್ನು ಹಲಗೆಯ ಮೇಲಿಟ್ಟು ಏನೋ ಹೇಳಿದರು. ಆಕೆ ಅದಕ್ಕೆ ಬಿಸಿಯಾದ ತಿಳಿ ಸಾರು ಸುರಿದುಕೊಟ್ಟರು. ಅದ್ದಲು ಮಾಡಿದ್ದ ಗಟ್ಟಿ ಸಾರು ಈಗ ಕುಡಿಯುವಂತಾಯಿತು. ಸೋಬಾ ಅಂಗಡಿಗಳಲ್ಲಿ ಬೇಯಿಸಿದ ನೀರನ್ನು ಬೆರೆಸಿ ಸಾರು ಕುಡಿಯುವ ಹಳೆಯ ಪದ್ಧತಿಯ ಮುಂದುವರಿಕೆ ಇದು. ಹಿಡಿ ಎಳೆಯನ್ನೂ ಚೆಲ್ಲದ ಅಡುಗೆಮನೆಯಲ್ಲಿ ಹುಟ್ಟಿದ ತಿನಿಸಿನಲ್ಲಿ ತೊಟ್ಟು ಸಾರೂ ಪೋಲಾಗುವುದಿಲ್ಲ.

ಯಮಗಿಶಿಯ ಅಂಗಡಿ ಹೀಗೆ ಊರೂರಿಗೆ ಹಬ್ಬಿದ್ದು ಹೇಗೆ ಎಂಬುದು ಕತೆಯ ಇನ್ನೊಂದು ಅರ್ಧ. ಅದು ದುಃಖದಿಂದ ಶುರುವಾಗುತ್ತದೆ. 1986ರಲ್ಲಿ ಫುಮಿಕೊ ಕ್ಯಾನ್ಸರಿನಿಂದ ತೀರಿಕೊಂಡರು. ಇಬ್ಬರದೇ ದುಡಿಮೆಯಲ್ಲಿ ನಡೆದಿದ್ದ ಅಂಗಡಿ. ಯಮಗಿಶಿ ಬಾಗಿಲು ಹಾಕಿದರು, ತಿಂಗಳುಗಟ್ಟಲೆ ತೆರೆಯಲಿಲ್ಲ. ಇಡೀ ದಿನ ನಿಂತು ನಿಂತು ಅವರ ಕಾಲುಗಳೂ ಕೆಟ್ಟಿದ್ದವು. ಅವರು ಮತ್ತೆ ಒಲೆ ಹೊತ್ತಿಸಿದ್ದು ಮುಚ್ಚಿದ ಬಾಗಿಲಿನ ಮುಂದೆ ಬಂದು ಬಂದು ಹೋಗುತ್ತಿದ್ದ ಗಿರಾಕಿಗಳಿಗಾಗಿ. ಅವರ ಬದುಕಿನ ಕುರಿತು 2013ರಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರು ‘ರಾಮೆನ್ನಿಗಿಂತ ಮುಖ್ಯವಾದುದು’ ಎಂಬರ್ಥದ್ದು. ಅಂಗಡಿಗೆ ಸೇರಿದ, ಹೆಂಡತಿಯ ನೆನಪುಗಳಿದ್ದ ಒಂದು ಕೋಣೆಯ ಬಾಗಿಲನ್ನು ಅವರು ಬಹುಕಾಲ ತೆರೆಯಗೊಡದಿದ್ದುದು ಆ ಚಿತ್ರದಲ್ಲಿದೆ.

ಒಬ್ಬಂಟಿಯಾದ ಮೇಲೆ ಅವರು ಕಲಿಯಲು ಬಂದವರನ್ನು ಒಳಗೆ ಬಿಟ್ಟುಕೊಳ್ಳತೊಡಗಿದರು. ಬೇರೆ ಉದ್ಯೋಗ ಬಿಟ್ಟು ಬಂದವರು, ನೆಲೆ ತಪ್ಪಿದವರು, ಸುಮ್ಮನೆ ಆಸೆಪಟ್ಟವರು. ರಾಮೆನ್ ಲೋಕದಲ್ಲಿ ಸಾರಿನ ಅಳತೆ ಎಂದರೆ ತಿಜೋರಿಯ ಗುಟ್ಟು. ಸ್ವಂತ ಮಗನಿಗೂ ಹೇಳದವರಿದ್ದಾರೆ. ಯಮಗಿಶಿ ಕೇಳಿದವರಿಗೆಲ್ಲ ಹೇಳಿದರು. ಶುಲ್ಕವಿಲ್ಲ. ತಮ್ಮ ಅಂಗಡಿಯ ಹೆಸರನ್ನೂ ಬಳಸಲು ಬಿಟ್ಟರು, ಅದಕ್ಕೂ ಹಣ ಕೇಳಲಿಲ್ಲ. ಕೆಲವರು ಹೆಚ್ಚು ದಿನ ನಿಲ್ಲದೆ ಹೋಗಿ ಅಂಗಡಿ ಇಟ್ಟರು, ಅವರನ್ನೂ ತಡೆಯಲಿಲ್ಲ. ಅವರ ಕೈಕೆಳಗೆ ಕಲಿತು ಅಂಗಡಿ ತೆರೆದವರು ನೂರಕ್ಕೂ ಹೆಚ್ಚು. ಯಮಗಿಶಿ ದಾರಿಗೆ ಬೇಲಿ ಹಾಕಿದ್ದರೆ ತ್ಸುಕೆಮೆನ್ ಟೋಕಿಯೋದ ಒಂದು ಓಣಿಯ ವಿಶೇಷವಾಗಿ ಉಳಿಯುತ್ತಿತ್ತು. ಕಂಡುಕೊಂಡದ್ದಕ್ಕಿಂತ ಕೊಟ್ಟದ್ದಕ್ಕೆ ನಾನು ಅವರಿಗೆ ಹೆಚ್ಚು ತಲೆಬಾಗುತ್ತೇನೆ.

ಇಷ್ಟು ಧಾರಾಳತನಕ್ಕೆ ತೆರಬೇಕಾದ ಬೆಲೆಯೂ ಇತ್ತು. ಹೆಸರು ಒಂದೇ ಆದರೂ ರುಚಿ ಅಂಗಡಿಯಿಂದ ಅಂಗಡಿಗೆ ಬೇರೆಯಾಯಿತು. ಗುರು ಹೋದ ಮೇಲೆ ಶಿಷ್ಯರಲ್ಲಿ ಒಡಕು ಬಂದು, ಕೆಲವರು ಬೇರೆ ಕೂಟ ಕಟ್ಟಿಕೊಂಡರು. ಒಂದೇ ಹಂಡೆಯ ಸಾರು ಕಲಿತವರ ನಡುವೆ ಹೀಗಾದದ್ದು ನೋವಿನ ಸಂಗತಿ.

ಹಿಗಾಶಿ ಇಕೆಬುಕುರೊದ ಹಳೆಯ ಅಂಗಡಿ 2007ರ ಮಾರ್ಚ್ 20ರಂದು ಮುಚ್ಚಿತು. ಆ ಬಡಾವಣೆಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯಲ್ಲಿ ಓಣಿಯೇ ಹೋಗುವುದಿತ್ತು. ಕೊನೆಯ ದಿನದ ಸಾಲನ್ನು ಜಪಾನಿನ ಟಿವಿಗಳು ದೊಡ್ಡ ಸುದ್ದಿಯಾಗಿ ತೋರಿಸಿದವು. ಮರುವರ್ಷ ಜನವರಿಯಲ್ಲಿ ಹತ್ತಿರದಲ್ಲೇ ಶಿಷ್ಯರೊಬ್ಬರ ಉಸ್ತುವಾರಿಯಲ್ಲಿ ಅಂಗಡಿ ಮತ್ತೆ ತೆರೆಯಿತು. ಒಲೆಯ ಮುಂದೆ ನಿಲ್ಲಲು ಕಾಲು ಕೇಳದ ಯಮಗಿಶಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಬಂದವರನ್ನು ಮಾತಾಡಿಸುತ್ತಿದ್ದರು. 2015ರ ಏಪ್ರಿಲ್ 1ರಂದು, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಅವರ ತಿನಿಸು ಅವರನ್ನೂ ದಾಟಿ ಹೋಗಿತ್ತು. 2000ದ ನಂತರ ಹೊಸ ತಲೆಮಾರು ಸಾರನ್ನು ಇನ್ನೂ ಗಟ್ಟಿ ಮಾಡಿತು. ಮೂಳೆಯನ್ನು ಕರಗುವಷ್ಟು ಕುದಿಸಿ, ಮೀನಿನ ಪುಡಿ ಬೆರೆಸಿ, ಎಳೆಗೆ ಮೆತ್ತಿಕೊಳ್ಳುವಷ್ಟು ಮಂದವಾಗಿಸಿದರು. ನೂಡಲ್ಸ್ ದಪ್ಪವಾಯಿತು. ಟೋಕಿಯೋ ಪಕ್ಕದ ಮತ್ಸುದೊದಲ್ಲಿ 2006ರಲ್ಲಿ ಅಂಗಡಿ ತೆರೆದ ಒಸಾಮು ತೊಮಿತಾ ಇದರಲ್ಲಿ ದೊಡ್ಡ ಹೆಸರು. ಅವರು ಯಮಗಿಶಿಯ ಶಿಷ್ಯನ ಶಿಷ್ಯ. ಅಲ್ಲಿನ ಸಾರು ನೋಡಿದರೆ ಇದಕ್ಕೂ 1955ರ ಬಟ್ಟಲಿಗೂ ಏನು ಸಂಬಂಧ ಎನಿಸುತ್ತದೆ. ತಣ್ಣೀರಲ್ಲಿ ತೊಳೆದ ಎಳೆ, ಪಕ್ಕದಲ್ಲಿ ಬಿಸಿ ಸಾರು, ಅದ್ದುವ ಕೈ; ಅಷ್ಟು ಮಾತ್ರ ಬದಲಾಗಿಲ್ಲ.

ಮಂದ ಸಾರಿನ ಭರಾಟೆಯಲ್ಲಿ ಹಳೆಯ ತೆಳು ಸಾರು ಮರೆಯಾಗಿದೆ ಎಂದು ಕೊರಗುವ ಅಗತ್ಯವಿಲ್ಲ. ನಕಾನೊದಲ್ಲಿ ತೈಶೋಕೆನ್ ಹೆಸರಿನ ಅಂಗಡಿ ಇದೆ. ಅಲ್ಲಿನ ಸಾರು ತಿಳಿ, ಹುಳಿ ಸಿಹಿ ಎರಡೂ ಹಗುರ. ಟೋಕಿಯೋಗೆ ಹೋಗುವ, ಮಾಂಸಾಹಾರ ಒಗ್ಗುವ ಕನ್ನಡಿಗರು ಶಿಂಜುಕುವಿನಿಂದ ಚೂಓ ಮಾರ್ಗದ ರೈಲು ಹಿಡಿದರೆ ಕೆಲವೇ ನಿಮಿಷಗಳಲ್ಲಿ ನಕಾನೊ. ಮೊದಲು ಅಲ್ಲಿ ತಿಂದು, ಆಮೇಲೆ ಬೇಕಾದರೆ ಮತ್ಸುದೊಗೆ ಹೋಗಲಿ.